ಕಸಿಗೆ ಹೃದಯ ತರುವಾಗ ಯಾವ ದ್ರವ ಒಳ್ಳೆಯದು? ಎಚ್‌ಟಿಕೆ, ಸೇಂಟ್ ಥಾಮಸ್, ಯುಡಬ್ಲ್ಯೂ: ಕೈಯಾರೆ ಬಳಸಿದವರು ಹೇಳಿ

ಹಾಸನದ_ಹುಡುಗಿ

ಎಲ್ಲರಿಗೂ ನಮಸ್ಕಾರ. ಪರ್ಫ್ಯೂಷನ್ ಟೆಕ್ನಾಲಜಿ (ಹೃದಯದ ಆಪರೇಷನ್‌ನಲ್ಲಿ ಹಾರ್ಟ್-ಲಂಗ್ ಪಂಪ್ ನಡೆಸುವ ಕೆಲಸ) ಬಿಎಸ್ಸಿ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಹೋದ ವಾರ ಮೊದಲ ಸಲ ರಿಟ್ರೀವಲ್ ಟೀಮ್ (ಹೃದಯ ತೆಗೆದು ತರುವವರು) ಜೊತೆ ದಾನಿ ಇದ್ದ ಆಸ್ಪತ್ರೆಗೆ ಹೋಗಿದ್ದೆ. ಐಸ್ ಬಾಕ್ಸ್ ಹಿಡಿದುಕೊಳ್ಳುವುದು, ಬಾಟಲಿ ಕೊಡುವುದು, ಟೈಮ್ ಬರೆಯುವುದು, ಇಷ್ಟೇ ನನ್ನ ಕೆಲಸ.

ರಾತ್ರಿ ಎರಡೂವರೆಗೆ ಅಯೋರ್ಟಾಗೆ (ಹೃದಯದಿಂದ ಹೊರಡುವ ಮಹಾಧಮನಿಗೆ) ಕ್ಲ್ಯಾಂಪ್ ಹಾಕಿದರು. ನಮ್ಮ ಸೀನಿಯರ್ ಹೃದಯ ನಿಲ್ಲಿಸಿ ಕಾಪಾಡುವ ಎಚ್‌ಟಿಕೆ ದ್ರವ ಬಿಡಲು ಶುರು ಮಾಡಿದರು. ಒಂದೆರಡು ನಿಮಿಷದಲ್ಲೇ ಹೃದಯ ನಿಂತಿತ್ತು. ಸರ್ಜನ್ "ನಿಂತಾಯ್ತಲ್ಲ, ಸಾಕು ಬಿಡಿ" ಎಂದರು. ಸೀನಿಯರ್ ಬಾಯಿ ಬಿಡಲಿಲ್ಲ, ಕೈಯೂ ತೆಗೆಯಲಿಲ್ಲ. ಏಳು ನಿಮಿಷ ಪೂರ್ತಿ ಬಿಟ್ಟರು. ನಾನು ಇಂಟರ್ನ್‌ಶಿಪ್ ಮಾಡಿದ ಕಡೆ ಸೇಂಟ್ ಥಾಮಸ್ ಬಳಸುತ್ತಿದ್ದರು. ಅಲ್ಲಿ ಎರಡು ಮೂರು ನಿಮಿಷಕ್ಕೆಲ್ಲ ಮುಗಿದುಹೋಗುತ್ತಿತ್ತು. ಪುಸ್ತಕದಲ್ಲಿ ಯುಡಬ್ಲ್ಯೂ ಅಂತಿದೆ, ಕ್ಲಾಸಿನ ಪಿಪಿಟಿಯಲ್ಲಿ ಸೆಲ್ಸಿಯರ್ ಅಂತಿತ್ತು.

ನಿಜವಾಗಿ ಯಾವುದು ಒಳ್ಳೆಯದು? ಆ ಏಳು ನಿಮಿಷ ಯಾಕೆ? ಸೀನಿಯರ್ ಹತ್ತಿರ ಕೇಳಲು ಭಯ. ದಯವಿಟ್ಟು ಗೂಗಲ್ ಮಾಡು ಅನ್ನಬೇಡಿ, ಮಾಡಿಯೇ ಬಂದಿದ್ದೇನೆ.

ಓಟಿ_ಬಾಯ್_ಬಳ್ಳಾರಿ

ನಮ್ಮಲ್ಲಿ ಎಲ್ಲದಕ್ಕೂ ಡೆಲ್ ನಿಡೊ ದ್ರವ. ಒಂದು ಡೋಸ್, ತೊಂಬತ್ತು ನಿಮಿಷ ಚಿಂತೆ ಇಲ್ಲ. ಹೃದಯ ತರುವುದಕ್ಕೂ ಅದನ್ನೇ ಬಳಸಬಹುದು. ಎಚ್‌ಟಿಕೆಗೆ ಯಾಕೆ ಸುಮ್ನೆ ದುಡ್ಡು ಸುರಿಯಬೇಕು?

ಪಂಪ್_ಮೇಷ್ಟ್ರು

ತಂಗಿ, ಪ್ರಶ್ನೆ ಚೆನ್ನಾಗಿದೆ. ನಿನ್ನ ಸೀನಿಯರ್ ಕೂಡ ಚೆನ್ನಾಗಿದ್ದಾರೆ. ಸರ್ಜನ್ "ಸಾಕು" ಅಂದಾಗ ಕೈ ತೆಗೆಯದೆ ನಿಲ್ಲುವುದು ಸುಲಭದ ಮಾತಲ್ಲ. ನಾನು ಪಂಪ್ ಪಕ್ಕ ಕುಳಿತು ಇಪ್ಪತ್ತೆರಡು ವರ್ಷ ಆಯಿತು. ಮೊದಲ ಐದು ವರ್ಷ ನಾನು ಕೈ ತೆಗೆಯುತ್ತಿದ್ದೆ.

ಆ ಏಳು ನಿಮಿಷದಿಂದಲೇ ಶುರು ಮಾಡುತ್ತೇನೆ. ಅದು ಗೊತ್ತಾದರೆ ಮುಕ್ಕಾಲು ವಿಷಯ ಗೊತ್ತಾದ ಹಾಗೆ.

ಸೇಂಟ್ ಥಾಮಸ್ ಒಗ್ಗರಣೆ ಇದ್ದ ಹಾಗೆ. ಚಟಪಟ ಅಂದರೆ ಮುಗಿಯಿತು. ಅದರಲ್ಲಿ ಪೊಟ್ಯಾಸಿಯಂ ಲೀಟರಿಗೆ 16 ಮಿಲಿಮೋಲ್, ಮೆಗ್ನೀಸಿಯಂ 16. ರಕ್ತದಲ್ಲಿ ಪೊಟ್ಯಾಸಿಯಂ ಇರುವುದು ನಾಲ್ಕರ ಆಸುಪಾಸು. ಅಷ್ಟು ಪೊಟ್ಯಾಸಿಯಂ ತಾಗಿದ ತಕ್ಷಣ ಹೃದಯ ನಿಂತುಬಿಡುತ್ತದೆ. ಸೋಡಿಯಂ ಹೆಚ್ಚು ಕಡಿಮೆ ರಕ್ತದಲ್ಲಿರುವಷ್ಟೇ ಇರುತ್ತದೆ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಡೇವಿಡ್ ಹರ್ಸ್ ಮತ್ತು ಜೊತೆಯವರು 1970ರ ದಶಕದಲ್ಲಿ ಮಾಡಿದ್ದು. ನಮ್ಮಲ್ಲಿ 20 ಎಂಎಲ್ ಆಂಪೂಲ್ ಒಡೆದು ಒಂದು ಲೀಟರ್ ರಿಂಗರ್‌ಗೆ (ಡ್ರಿಪ್ ಬಾಟಲಿಯ ಉಪ್ಪುನೀರು) ಬೆರೆಸುತ್ತೇವಲ್ಲ, ಅದೇ. ಅಗ್ಗ, ಎಲ್ಲ ಕಡೆ ಸಿಗುತ್ತದೆ.

ಎಚ್‌ಟಿಕೆ ಉಪ್ಪಿನಕಾಯಿ. ಮೇಲೆ ಸುರಿದರೆ ಆಗಲಿಲ್ಲ, ಒಳಗೆ ಇಳಿಯಬೇಕು. ಜರ್ಮನಿಯ ಗಾಟಿಂಗೆನ್‌ನಲ್ಲಿ ಬ್ರೆಟ್‌ಶ್ನೈಡರ್ ಮಾಡಿದ್ದು, ಬಾಟಲಿ ಮೇಲೆ ಕಸ್ಟೋಡಿಯಾಲ್ ಅಂತ ಇರುತ್ತದೆ. ಅದರಲ್ಲಿ ಪೊಟ್ಯಾಸಿಯಂ ಬರೀ 9. ಹಾಗಾದರೆ ಹೃದಯ ನಿಲ್ಲುವುದು ಹೇಗೆ? ಸೋಡಿಯಂ ಬರೀ 15, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು. ಅಂದರೆ ಇದು ಹೃದಯವನ್ನು ಹೊಡೆದು ನಿಲ್ಲಿಸುವುದಿಲ್ಲ, ಬಡಿಯಲು ಬೇಕಾದ ಸರಕನ್ನೇ ತೊಳೆದು ಹಾಕುತ್ತದೆ. ಜೊತೆಗೆ ಹಿಸ್ಟಿಡಿನ್ ಸುಮಾರು 200 ಮಿಲಿಮೋಲ್. ಪೆಟ್ಟಿಗೆಯಲ್ಲಿ ಕುಳಿತ ಹೃದಯಕ್ಕೆ ಆಕ್ಸಿಜನ್ ಇರುವುದಿಲ್ಲ, ಗಂಟೆ ಕಳೆದಂತೆ ಒಳಗೆ ಆಮ್ಲ ಸೇರುತ್ತಾ ಹೋಗುತ್ತದೆ. ಆ ಹುಳಿಯನ್ನು ಕುಡಿದುಕೊಳ್ಳುವುದು ಹಿಸ್ಟಿಡಿನ್. ಆದರೆ ಅದು ರಕ್ತನಾಳದಲ್ಲೇ ಉಳಿದರೆ ಏನೂ ಉಪಯೋಗವಿಲ್ಲ. ಜೀವಕೋಶಗಳ ಸಂದಿಗೆಲ್ಲ ಇಳಿಯಬೇಕು. ಅದಕ್ಕೆ 6ರಿಂದ 8 ನಿಮಿಷ ಬೇಕು. ಹೃದಯ ನಿಂತಿತು ಅಂತ ಎರಡು ನಿಮಿಷಕ್ಕೆ ಮುಚ್ಚಿದರೆ, ದುಬಾರಿ ಬಾಟಲಿ ಬಿಚ್ಚಿ ಅಗ್ಗದ ಕೆಲಸ ಮಾಡಿದ ಹಾಗೆ.

ಇನ್ನೊಂದು ಮಾತು. ಪ್ರೆಶರ್ ಬ್ಯಾಗ್ ಊದಿಸಿ ಬೇಗ ಮುಗಿಸುವ ಚಟ ಕೆಲವರಿಗಿದೆ. ಬೇಡ. ಶುರುವಿನಲ್ಲಿ ಬಾಟಲಿ ಎತ್ತರದಲ್ಲಿರಲಿ, ಹೃದಯ ನಿಂತ ಮೇಲೆ ಸ್ಟ್ಯಾಂಡ್ ಅರ್ಧಕ್ಕೆ ಇಳಿಸು. ನಿಧಾನ ಹೋಗಬೇಕು, ಜಾಸ್ತಿ ಹೊತ್ತು ಹೋಗಬೇಕು.

ಈಗ ದ್ರವಗಳ ಜಗಳಕ್ಕೆ ಬರೋಣ. ಜೀವಕೋಶದ ಗೋಡೆಯಲ್ಲಿ ಒಂದು ಪಂಪ್ ಇರುತ್ತದೆ, ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಅಂತ ದಿನವಿಡೀ ಎತ್ತಿ ಹಾಕುತ್ತಿರುತ್ತದೆ. ತಣ್ಣಗಾದರೆ ಆ ಪಂಪ್ ನಿಲ್ಲುತ್ತದೆ. ಕರೆಂಟ್ ಹೋದ ಬೇಸ್‌ಮೆಂಟ್ ಪಾರ್ಕಿಂಗ್ ನೋಡಿದ್ದೀಯಲ್ಲ, ಮೋಟರ್ ನಿಂತರೆ ನೀರು ತಾನಾಗಿ ಒಳಗೆ ಬರುತ್ತದೆ. ಹಾಗೇ ಸೋಡಿಯಂ ಒಳಗೆ ನುಗ್ಗುತ್ತದೆ, ಹಿಂದೆಯೇ ನೀರು. ಕೋಶ ನೆನೆಸಿದ ಕಡಲೆ ಹಾಗೆ ಉಬ್ಬುತ್ತದೆ. ಎಲ್ಲ ಕಂಪನಿಯ ದ್ರವವೂ ತಡೆಯಲು ಹೊರಟಿರುವುದು ಈ ಉಬ್ಬುವಿಕೆಯನ್ನೇ.

ಯುಡಬ್ಲ್ಯೂ ಹಿಡಿದ ದಾರಿ ಬೇರೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೆಲ್ಜರ್ ಮತ್ತು ಸದರ್ಡ್ 1980ರ ದಶಕದಲ್ಲಿ ಮೇದೋಜೀರಕ, ಲಿವರ್‌ಗೆ ಅಂತ ಮಾಡಿದ್ದು. ಕೋಶದ ಒಳಗೆ ಹೇಗಿದೆಯೋ ಹೊರಗೂ ಹಾಗೇ ಇರಲಿ ಅಂತ ಪೊಟ್ಯಾಸಿಯಂ ಸುಮಾರು 125 ಹಾಕಿದರು. ನೀರು ಒಳಗೆ ಹೋಗದಂತೆ ಲ್ಯಾಕ್ಟೋಬಯೊನೇಟ್, ರ್‍ಯಾಫಿನೋಸ್ ಅಂತ ದಪ್ಪ ಕಣಗಳು. ಮೇಲಿಂದ ಸ್ಟಾರ್ಚ್. ಹಾಗಾಗಿ ಅದು ಗಂಜಿ ತಿಳಿಯ ಹಾಗೆ ಮಂದ, ಸಣ್ಣ ನಾಳಗಳಲ್ಲಿ ಸರಾಗವಾಗಿ ಹರಿಯುವುದಿಲ್ಲ. ಅಷ್ಟು ಪೊಟ್ಯಾಸಿಯಂ ಕೊರೊನರಿ (ಹೃದಯಕ್ಕೇ ರಕ್ತ ಕೊಡುವ) ನಾಳದ ಒಳಪದರಕ್ಕೆ ಒಳ್ಳೆಯದಲ್ಲ ಅನ್ನುವ ತಕರಾರು ಮೊದಲಿನಿಂದ ಇದೆ. ಆದರೂ ಲಿವರ್‌ನಲ್ಲಿ ಇದೇ ರಾಜ, ಅಮೆರಿಕದಲ್ಲಿ ಹೃದಯಕ್ಕೂ ತುಂಬಾ ಬಳಸಿದ್ದಾರೆ. ಸೆಲ್ಸಿಯರ್ ಫ್ರಾನ್ಸಿನವರು ಹೃದಯಕ್ಕೆಂದೇ ಮಾಡಿದ್ದು. ಯುಡಬ್ಲ್ಯೂದಿಂದ ಲ್ಯಾಕ್ಟೋಬಯೊನೇಟ್ ತೆಗೆದುಕೊಂಡರು, ಎಚ್‌ಟಿಕೆಯಿಂದ ಹಿಸ್ಟಿಡಿನ್, ಸ್ಟಾರ್ಚ್ ಬಿಟ್ಟರು, ಪೊಟ್ಯಾಸಿಯಂ 15ಕ್ಕೆ ಇಳಿಸಿದರು. ಕಾಗದದ ಮೇಲೆ ಬಹಳ ಚಂದದ ಹುಡುಗ.

ಹಾಗಾದರೆ ಗೆದ್ದವರು ಯಾರು? 1990ರ ದಶಕದಲ್ಲಿ ಅಮೆರಿಕದಲ್ಲಿ ಲೆಕ್ಕ ಹಾಕಿದಾಗ ಹೃದಯಕ್ಕೆ 167 ಬಗೆಯ ದ್ರವ ಬಳಕೆಯಲ್ಲಿತ್ತು. ನೂರ ಅರವತ್ತೇಳು! ಯಾವುದಾದರೂ ಒಂದು ಸ್ಪಷ್ಟವಾಗಿ ಗೆದ್ದಿದ್ದರೆ ಉಳಿದ 166 ಯಾಕಿರುತ್ತಿತ್ತು? 2011ರಲ್ಲಿ ಅಲ್ಲಿನ ರಾಷ್ಟ್ರೀಯ ದಾಖಲೆಯಲ್ಲಿ ಯುಡಬ್ಲ್ಯೂ ಮತ್ತು ಸೆಲ್ಸಿಯರ್ ಪಕ್ಕಪಕ್ಕ ಇಟ್ಟು ನೋಡಿದರು. ಯುಡಬ್ಲ್ಯೂ ಸ್ವಲ್ಪ ಮುಂದೆ ಬಂತು. ಆದರೆ ಅದು ಹಳೇ ದಾಖಲೆ ತಿರುವಿ ಹಾಕಿದ್ದು. ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಿದ್ದಲ್ಲ. ಒಂದೊಂದು ಆಸ್ಪತ್ರೆಯ ಕೈಗುಣ ಅದರೊಳಗೆ ಬೆರೆತಿರುತ್ತದೆ.

ನನ್ನ ಅನುಭವ ಕೇಳಿದರೆ: ಕ್ಲ್ಯಾಂಪ್ ಹಾಕಿದಲ್ಲಿಂದ ಇನ್ನೊಬ್ಬರ ಎದೆಯಲ್ಲಿ ಕ್ಲ್ಯಾಂಪ್ ತೆಗೆಯುವವರೆಗೆ ಎರಡೂವರೆ ಗಂಟೆಯೊಳಗಾದರೆ ಸೇಂಟ್ ಥಾಮಸ್‌ಗೂ ಎಚ್‌ಟಿಕೆಗೂ ನನಗೆ ವ್ಯತ್ಯಾಸ ಕಂಡಿಲ್ಲ. ಮೂರು ದಾಟಿತು ಅಂದರೆ ನಾನು ಎಚ್‌ಟಿಕೆ ಕೇಳುತ್ತೇನೆ. ನಾಲ್ಕು ದಾಟುವ ಹಾಗಿದ್ದರೆ ಯಾವ ಬಾಟಲಿಯನ್ನೂ ನಂಬುವುದಿಲ್ಲ.

ಓಟಿ ಬಾಯ್, ಡೆಲ್ ನಿಡೊ ನನಗೂ ಇಷ್ಟ. ಆದರೆ ಅದು ಹುಟ್ಟಿದ್ದು ಮಕ್ಕಳ ಹೃದಯದ ಆಪರೇಷನ್‌ಗೆ. ಒಂದು ಪಾಲು ರಕ್ತ, ನಾಲ್ಕು ಪಾಲು ದ್ರವ ಬೆರೆಸಿ ಕೊಡುವುದು. ನೀವು ಹೇಳಿದ ತೊಂಬತ್ತು ನಿಮಿಷದಲ್ಲಿ ನಾವು ಇನ್ನೂ ಹೆಬ್ಬಾಳ ಫ್ಲೈಓವರ್ ಮೇಲೆ ಇರುತ್ತೇವೆ. ಹೃದಯ ನಿಲ್ಲಿಸಲು ಅದನ್ನು ಕೊಡಿ ಬೇಕಾದರೆ, ಪೆಟ್ಟಿಗೆಯಲ್ಲಿ ಮುಳುಗಿಸಿಡಲು ಬೇರೆ ದ್ರವ ಇರಲಿ.

ಹಾಸನದ_ಹುಡುಗಿ

ಮೇಷ್ಟ್ರೇ, ಎರಡು ವರ್ಷದ ಕ್ಲಾಸಿನಲ್ಲಿ ಅರ್ಥವಾಗದ್ದು ಈಗ ಆಯಿತು. ಒಗ್ಗರಣೆ, ಉಪ್ಪಿನಕಾಯಿ ವೈವಾದಲ್ಲಿ ಹೇಳಿದರೆ ಪಾಸ್ ಮಾಡುತ್ತಿದ್ದರೋ ಇಲ್ಲವೋ! ನಾಲ್ಕು ದಾಟಿದರೆ ಯಾವ ಬಾಟಲಿಯನ್ನೂ ನಂಬುವುದಿಲ್ಲ ಅಂದಿರಿ. ಹಾಗಾದರೆ ಏನನ್ನು ನೋಡಬೇಕು?

ಪಂಪ್_ಮೇಷ್ಟ್ರು

ಮೂರು ವಿಷಯ, ಮೂರೂ ನಿನ್ನ ಕೈಯಲ್ಲೇ ಇರುವಂಥವು.

ಒಂದು, ಹೃದಯ ಉಬ್ಬಬಾರದು. ಕ್ಲ್ಯಾಂಪ್ ಬೀಳುವ ಮೊದಲೇ ಕೆಳಗಿನ ಮಹಾಸಿರೆ ಕತ್ತರಿಸಿರಬೇಕು, ಎಡಗಡೆಗೂ ದಾರಿ ಬಿಚ್ಚಿರಬೇಕು. ಇಲ್ಲವಾದರೆ ಬಿಟ್ಟ ದ್ರವವೆಲ್ಲ ಒಳಗೇ ನಿಂತು ಹೃದಯ ಬಲೂನ್ ಆಗುತ್ತದೆ. ಸರ್ಜನ್ ಬೆರಳಿಟ್ಟು ನೋಡುತ್ತಾರೆ ಗಮನಿಸು. ಮೆತ್ತಗಿದ್ದರೆ ಸರಿ. ಬಿಗಿಯಾಗಿದ್ದರೆ ಯಾವ ಜರ್ಮನಿ ದ್ರವವೂ ಕಾಪಾಡುವುದಿಲ್ಲ.

ಎರಡು, ಗಡಿಯಾರ. ಇದನ್ನು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. 2014ರ ಸೆಪ್ಟೆಂಬರ್ 3ರಂದು ಇಲ್ಲಿಂದ ಚೆನ್ನೈಗೆ ಹೃದಯ ಹೋಯಿತಲ್ಲ, ಊರಿಗೆ ಊರೇ ಗ್ರೀನ್ ಕಾರಿಡಾರ್ ಅನ್ನುವ ಮಾತು ಕಲಿತದ್ದು ಆವತ್ತು. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಮೆಟ್ರೋದಲ್ಲೇ ಗೊರಗುಂಟೆಪಾಳ್ಯದಿಂದ ಸಂಪಿಗೆ ರಸ್ತೆಗೆ ಒಂದು ಹೃದಯ ಬಂತು. ಎಚ್‌ಟಿಕೆಯೋ ಸೇಂಟ್ ಥಾಮಸೋ ಅಂತ ಕಿತ್ತಾಡುವವರು ಆ ರೈಲು ಉಳಿಸಿದ ನಿಮಿಷಗಳನ್ನೂ ತಕ್ಕಡಿಗೆ ಹಾಕಬೇಕು.

ಮೂರು, ತಣ್ಣಗೆ ಎಷ್ಟು ಅನ್ನುವುದು. ಹತ್ತು ಡಿಗ್ರಿ ಇಳಿದರೆ ಹೃದಯದ ಹಸಿವು ಅರ್ಧಕ್ಕೆ ಇಳಿಯುತ್ತದೆ. 37ರಿಂದ 7ಕ್ಕೆ ಬಂದರೆ ಎಂಟರಲ್ಲಿ ಒಂದು ಪಾಲು. ಹಾಗಂತ ಇನ್ನೂ ತಣ್ಣಗೆ, ಇನ್ನೂ ತಣ್ಣಗೆ ಅಂತ ಹೋದರೆ ಸುಡುತ್ತದೆ. ಹಿಮ ಮುಟ್ಟಿದ ಜಾಗದ ಮಾಂಸ ಸತ್ತುಹೋಗುತ್ತದೆ. ಅದಕ್ಕೇ ಮೂರು ಚೀಲ. ಮೊದಲ ಚೀಲದಲ್ಲಿ ದ್ರವ, ಅದರಲ್ಲಿ ಹೃದಯ ಮುಳುಗಿರಬೇಕು, ಗಾಳಿ ಇರಬಾರದು. ಎರಡನೆಯದರಲ್ಲಿ ತಣ್ಣನೆ ಸಲೈನ್. ಮೂರನೆಯದು ಹೊರಗಿನ ರಕ್ಷಣೆಗೆ. ಆಮೇಲೆ ಐಸ್.

ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ಆಸ್ಪತ್ರೆ ಹೆಸರು ಬೇಡ. ಹತ್ತು ಹನ್ನೆರಡು ವರ್ಷದ ಹಿಂದೆ. ಸಂಜೆ ಕರೆ ಬಂತು, ದಾನಿ ನೂರು ಕಿಲೋಮೀಟರ್ ಆಚೆ. ಓಟಿ ಫ್ರಿಜ್‌ನಿಂದ ಎಚ್‌ಟಿಕೆ ಮೂರು ಬಾಟಲಿ ತೆಗೆದು ಬಾಕ್ಸಿಗೆ ಹಾಕಲು ಹುಡುಗನಿಗೆ ಹೇಳಿದೆ. ಹಾಕಿದ. ನಾನು ತೆರೆದು ನೋಡಲಿಲ್ಲ. ಅಲ್ಲಿಗೆ ಹೋಗಿ, ಎದೆ ತೆರೆದು, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಾಗಿದೆ, ಬಾಟಲಿ ಎತ್ತಿ ತಲೆಕೆಳಗು ಮಾಡಿದೆ. ಒಳಗೆ ಗರಗರ ಅಂತ ಸದ್ದು. ದೀಪಕ್ಕೆ ಹಿಡಿದೆ. ಸೂಜಿ ಸೂಜಿ ಹಿಮ. ಮೂರರಲ್ಲೂ ಹಾಗೇ. ಬೆಳಿಗ್ಗೆ ಫ್ರಿಜ್ ತುಂಬಿತ್ತು ಅಂತ ಯಾರೋ ಪುಣ್ಯಾತ್ಮರು ಬಾಟಲಿಗಳನ್ನು ಮೇಲಿನ ಫ್ರೀಜರ್ ಖಾನೆಗೆ ಸೇರಿಸಿದ್ದರು. "ಚೆನ್ನಾಗಿ ತಣ್ಣಗಿರಲಿ ಸರ್" ಅಂತ ಆಮೇಲೆ ಹೇಳಿದರು.

ಕರಗಿಸಿ ಕೊಡಬಹುದಲ್ಲ ಅನ್ನಿಸುತ್ತದೆ. ಒಂದು ಹಿಮದ ಚೂರು ಕೊರೊನರಿಗೆ ಹೋಗಿ ಕೂತರೆ ಮುಗಿಯಿತು. ಹೆಪ್ಪುಗಟ್ಟಿ ಕರಗಿದ ದ್ರವದ ಲೆಕ್ಕ ಸರಿಯಿರುತ್ತದೆ ಅಂತ ಬಾಟಲಿ ಮಾಡಿದವರೂ ಹೇಳುವುದಿಲ್ಲ. ನನ್ನ ಅಂಗೈ ಬೆವರಿತು. ಸರ್ಜನ್ ನನ್ನ ಮುಖ ನೋಡಿದರು, ನಾನು ಬಾಟಲಿ ಅಲ್ಲಾಡಿಸಿ ಕೇಳಿಸಿದೆ. ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ನೋವು. ಅದೃಷ್ಟಕ್ಕೆ ಆ ಆಸ್ಪತ್ರೆಯಲ್ಲೇ ಹೃದಯದ ಓಟಿ ಇತ್ತು. ಅವರ ಪರ್ಫ್ಯೂಷನಿಸ್ಟ್ ಹೆಣ್ಣುಮಗಳು ಲುಂಗಿ ಉಟ್ಟಿದ್ದ ಅಟೆಂಡರ್‌ನನ್ನು ಎಬ್ಬಿಸಿ ಸ್ಟೋರ್ ಬೀಗ ತೆಗೆಸಿ, ಸೇಂಟ್ ಥಾಮಸ್ ಆಂಪೂಲ್ ಎರಡು, ಫ್ರಿಜ್ಜಿನಲ್ಲಿದ್ದ ರಿಂಗರ್ ಎರಡು ತಂದುಕೊಟ್ಟರು. ಅದರಲ್ಲೇ ನಿಲ್ಲಿಸಿದೆವು, ಅದರಲ್ಲೇ ಮುಳುಗಿಸಿ ತಂದೆವು. ಒಟ್ಟು ಎರಡು ಗಂಟೆ ಐವತ್ತು ನಿಮಿಷ. ಕ್ಲ್ಯಾಂಪ್ ತೆಗೆದ ಮೇಲೆ ಒಂದೇ ಶಾಕ್, ತಾಳಕ್ಕೆ ಬಂತು. ಆ ಮನುಷ್ಯ ಈಗಲೂ ವರ್ಷಕ್ಕೊಮ್ಮೆ ಚೆಕಪ್‌ಗೆ ಬಂದಾಗ ಪಂಪ್ ರೂಮಿಗೆ ಇಣುಕಿ "ಹೆಂಗಿದೀರಾ ಮೇಷ್ಟ್ರೇ" ಅನ್ನುತ್ತಾರೆ. ಅವರಿಗೆ ಬಾಟಲಿ ಕಥೆ ಗೊತ್ತಿಲ್ಲ.

ಅವತ್ತಿನಿಂದ ಯಾವ ದ್ರವವಾದರೂ ಹೊರಡುವ ಮೊದಲು ನಾನೇ ದೀಪಕ್ಕೆ ಹಿಡಿದು, ತಲೆಕೆಳಗು ಮಾಡಿ, ಕಿವಿ ಹತ್ತಿರ ಇಟ್ಟು ಅಲ್ಲಾಡಿಸುತ್ತೇನೆ. ಹುಡುಗರು ನಗುತ್ತಾರೆ, ಎಳನೀರು ಕೊಳ್ಳುವ ಹಾಗೆ ಅಂತ.

ಲೆಸ್ಟರ್_ಕನ್ನಡಿಗ

ಇಂಗ್ಲೆಂಡ್‌ನಲ್ಲಿ ಹೃದಯದ ಅರಿವಳಿಕೆ ವೈದ್ಯನಾಗಿದ್ದೇನೆ, ಮೂಲ ಊರು ತೀರ್ಥಹಳ್ಳಿ ಹತ್ತಿರ. ಮೇಷ್ಟ್ರ ಮಾತಿಗೆ ಸಹಿ ಹಾಕುತ್ತೇನೆ. ಒಂದೇ ಒಂದು ಸೇರಿಸುವುದಿದೆ. ಈಗ ಚರ್ಚೆ ಬಾಟಲಿಯಿಂದ ಪೆಟ್ಟಿಗೆಗೆ ಹೊರಳಿದೆ.

ಇಲ್ಲಿ ಹೃದಯ ಬಡಿತ ನಿಂತ ಮೇಲೆ ದಾನ ಮಾಡುವವರಿಂದಲೂ ಹೃದಯ ತೆಗೆದುಕೊಳ್ಳುತ್ತಾರೆ. ಪ್ಯಾಪ್‌ವರ್ತ್ ಆಸ್ಪತ್ರೆಯಲ್ಲಿ 2015ರಲ್ಲಿ ಶುರುವಾಯಿತು. ಅಂಥ ಹೃದಯ ಆಗಲೇ ಒಂದಿಷ್ಟು ಹೊತ್ತು ಬಿಸಿಯಲ್ಲೇ ಆಕ್ಸಿಜನ್ ಇಲ್ಲದೆ ಒದ್ದಾಡಿರುತ್ತದೆ. ಅದನ್ನು ಮತ್ತೆ ಐಸ್‌ನಲ್ಲಿ ಇಟ್ಟರೆ ಕಷ್ಟ. ಹಾಗಾಗಿ ಯಂತ್ರದಲ್ಲಿ ಬೆಚ್ಚಗಿನ ರಕ್ತ ಹರಿಸಿ, ಬಡಿಯುತ್ತಾ ಇರುವಾಗಲೇ ತರುತ್ತಾರೆ. ದಾರಿಯಲ್ಲಿ ಲ್ಯಾಕ್ಟೇಟ್ (ಆಕ್ಸಿಜನ್ ಸಾಲದಾಗ ಏರುವ ವಸ್ತು) ನೋಡಿ ಪರವಾಗಿಲ್ಲವಾ ಅಂತ ತೀರ್ಮಾನ.

ಇನ್ನೊಂದು ಸ್ವೀಡನ್ನಿನ ಲುಂಡ್‌ನವರ ದಾರಿ. 8 ಡಿಗ್ರಿಯಲ್ಲಿ, ಬಡಿಸದೆ, ಆಕ್ಸಿಜನ್ ಇರುವ ದ್ರವವನ್ನು ಸಣ್ಣಗೆ ಹರಿಸುತ್ತಲೇ ಇರುವುದು. 2024ರಲ್ಲಿ ಯೂರೋಪಿನ ಟ್ರಯಲ್ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕಸಿ ಮಾಡಿದ ಹೃದಯ ಸರಿಯಾಗಿ ಕೆಲಸ ಮಾಡದೆ ಮುಷ್ಕರ ಹೂಡುವುದು ಐಸ್ ಗುಂಪಿನಲ್ಲಿ 28 ಶೇಕಡಾ, ಈ ಯಂತ್ರದ ಪೆಟ್ಟಿಗೆ ಗುಂಪಿನಲ್ಲಿ 11. ಟ್ರಯಲ್‌ನ ಮುಖ್ಯ ಗುರಿ ಮಾತ್ರ ಕೂದಲೆಳೆಯಲ್ಲಿ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ, ಅದನ್ನೂ ಹೇಳಬೇಕು. ಅದೇ ಪೆಟ್ಟಿಗೆಯಲ್ಲಿ ಕೆರಿಬಿಯನ್‌ನ ಫ್ರೆಂಚ್ ದ್ವೀಪಗಳಿಂದ ಪ್ಯಾರಿಸ್‌ಗೆ, ಸಾಮಾನ್ಯ ಪ್ರಯಾಣಿಕರ ವಿಮಾನದಲ್ಲಿ, 12 ಗಂಟೆ ಇಟ್ಟು ತಂದು ಕಸಿ ಮಾಡಿದ್ದಾರೆ. ಅಂದಹಾಗೆ ಆ ದ್ರವಕ್ಕೆ ಸೇರಿಸುವ ಔಷಧಿಗಳಲ್ಲಿ ಒಂಚೂರು ಕೊಕೇನ್ ಕೂಡ ಇದೆ. ಕಸ್ಟಮ್ಸ್‌ನವರಿಗೆ ಏನು ಹೇಳುತ್ತಾರೋ!

ದುಡ್ಡಿನ ಮಾತು ಬಂದರೆ ನಮ್ಮೂರಿಗೆ ಇವೆಲ್ಲ ದೂರ. ಐಸ್ ಬಾಕ್ಸ್ ಇನ್ನೂ ಬಹಳ ಕಾಲ ಇರುತ್ತದೆ.

ತುಮಕೂರು_ತಮ್ಮ

ಕ್ಷಮಿಸಿ, ನಾನು ಡಾಕ್ಟರ್ ಅಲ್ಲ. ನಮ್ಮ ಅಣ್ಣನಿಗೆ ಮೂರು ವರ್ಷದ ಹಿಂದೆ ಹೃದಯ ಹಾಕಿದರು. ಮೊದಲ ನಾಲ್ಕು ದಿನ ಹೊಸ ಹೃದಯ ಸರಿಯಾಗಿ ಕೆಲಸ ಮಾಡಲಿಲ್ಲ, ಎಕ್ಮೋ (ಹೃದಯ, ಶ್ವಾಸಕೋಶದ ಕೆಲಸ ಹೊರಗಿನಿಂದ ಮಾಡುವ ಯಂತ್ರ) ಹಾಕಿದ್ದರು. ಈಗ ಆರಾಮಾಗಿದ್ದಾನೆ, ತೋಟಕ್ಕೆ ಹೋಗುತ್ತಾನೆ. ಇದನ್ನೆಲ್ಲ ಓದಿದ ಮೇಲೆ ಅನ್ನಿಸಿತು, ಆಗ ದ್ರವದಲ್ಲಿ ಏನಾದರೂ ತಪ್ಪಾಗಿತ್ತಾ? ಕೇಳಬಹುದಿತ್ತಾ?

ಲೆಸ್ಟರ್_ಕನ್ನಡಿಗ

ಕೇಳಬಹುದಿತ್ತು, ಕೇಳಿದ್ದರೆ ಹೇಳುತ್ತಿದ್ದರು. ಆದರೆ ದ್ರವವೊಂದರ ಮೇಲೆ ಬೊಟ್ಟು ಮಾಡಬೇಡಿ. ಮಿದುಳು ಸಾಯುವಾಗ ದಾನಿಯ ಮೈಯಲ್ಲಿ ಅಡ್ರಿನಲಿನ್ ಬಿರುಗಾಳಿ ಏಳುತ್ತದೆ, ಹೃದಯಕ್ಕೆ ಮೊದಲ ಪೆಟ್ಟು ಅಲ್ಲೇ. ಆಮೇಲೆ ದಾರಿಯ ಹೊತ್ತು. ಆಮೇಲೆ ನಿಮ್ಮ ಅಣ್ಣನ ಶ್ವಾಸಕೋಶದಲ್ಲಿ ಒತ್ತಡ ಜಾಸ್ತಿ ಇದ್ದರೆ ಹೊಸ ಹೃದಯದ ಬಲಭಾಗ ಸುಸ್ತಾಗುತ್ತದೆ. ನಾಲ್ಕು ದಿನ ಎಕ್ಮೋ ಹಾಕಿ ಹೃದಯಕ್ಕೆ ಬಿಡುವು ಕೊಟ್ಟಿದ್ದಾರೆ, ಅದು ಚೇತರಿಸಿಕೊಂಡಿದೆ. ಒಳ್ಳೆಯ ಕೈಗಳಲ್ಲೇ ಇದ್ದರು.

ತುಮಕೂರು_ತಮ್ಮ

ಥ್ಯಾಂಕ್ಸ್ ಡಾಕ್ಟ್ರೇ. ಮೂರು ವರ್ಷದಿಂದ ಮನಸ್ಸಲ್ಲಿತ್ತು.

ಹಾಸನದ_ಹುಡುಗಿ

ಇವತ್ತು ಡ್ಯೂಟಿಗೆ ಹೋದ ತಕ್ಷಣ ಓಟಿ ಫ್ರಿಜ್ ತೆರೆದೆ. ಎಚ್‌ಟಿಕೆ ಆರು ಬಾಟಲಿ, ಎಲ್ಲ ಕೆಳಗಿನ ಖಾನೆಯಲ್ಲೇ ಇವೆ. ಥರ್ಮಾಮೀಟರ್ 5 ತೋರಿಸುತ್ತಿತ್ತು. ಆದರೆ ಎರಡು ಬಾಟಲಿ ಹಿಂದಿನ ಗೋಡೆಗೆ ಅಂಟಿಕೊಂಡಿದ್ದವು, ಅಲ್ಲಿ ಫ್ರಿಜ್ ಐಸ್ ಕಟ್ಟಿದೆ. ಕಿವಿ ಹತ್ತಿರ ಇಟ್ಟು ಅಲ್ಲಾಡಿಸುತ್ತಿದ್ದೆ, ಅಷ್ಟರಲ್ಲಿ ಸೀನಿಯರ್ ಒಳಗೆ ಬಂದರು. ಏನಮ್ಮಾ ಎಳನೀರಾ ಅಂದರು. ಮೇಷ್ಟ್ರೇ, ನೀವು ನಮ್ಮ ಸೀನಿಯರ್‌ಗೆ ಗೊತ್ತಾ?

ಪಂಪ್_ಮೇಷ್ಟ್ರು

ಬಾಟಲಿ ಸದ್ದು ಮಾಡಿತಾ ಇಲ್ಲವಾ, ಅದು ಹೇಳು ಮೊದಲು.

ಹಾಸನದ_ಹುಡುಗಿ

ಇಲ್ಲ ಮೇಷ್ಟ್ರೇ. ಬರೀ ನೀರಿನ ಸದ್ದು. ಮುಂದಕ್ಕೆ ಎಳೆದಿಟ್ಟಿದ್ದೇನೆ.